ಫ್ಯಾನಿನ ರೆಕ್ಕೆಯ ಮೇಲಿನ ಹೆಸರು

(ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಕೋಲಾರದ ಒಂದು ಸಭೆಯಲ್ಲಿ ‘ದಿನದ ಬದುಕಿನಲ್ಲಿ ದೀನತೆ’ ಎಂಬ ವಿಷಯವಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಒಮ್ಮೆ ತಲೆ ಎತ್ತಿ ಮೇಲೆ ನೋಡಿ. ಫ್ಯಾನ್ ತಿರುಗುತ್ತಿದೆ, ಈಗ ಓದಲಾಗದು. ಕರೆಂಟ್ ಹೋದಾಗ ಓದಬಹುದು. ರೆಕ್ಕೆಯ ಮೇಲೆ ಕೆಂಪು ಪೇಂಟಿನಲ್ಲಿ ಕೊಟ್ಟವರ ಹೆಸರು, ಅದರ ಕೆಳಗೆ ಊರು, ಕೆಲವು ಕಡೆ ಹುದ್ದೆ ಕೂಡ. ನಮ್ಮ ಕಡೆ ಚರ್ಚಿಗೆ ಹೋಗಿ, ಗುಡಿಗೆ ಹೋಗಿ, ಸರ್ಕಾರಿ ಶಾಲೆಗೆ ಹೋಗಿ, ಫ್ಯಾನಿಗೊಂದು ಹೆಸರು ಇದ್ದೇ ಇರುತ್ತದೆ. ಕೊಟ್ಟವರನ್ನು ಹಂಗಿಸಲು ಹೇಳುತ್ತಿಲ್ಲ. ಆ ಫ್ಯಾನುಗಳು ಇಲ್ಲದಿದ್ದರೆ ಈ ಸೆಕೆಯಲ್ಲಿ ನೀವು ಇಷ್ಟು ಹೊತ್ತು ಕೂತಿರುತ್ತಲೂ ಇರಲಿಲ್ಲ. ಗಾಳಿ ಬರಲು ರೆಕ್ಕೆ ಬೇಕು, ಹೆಸರು ಬೇಕಿಲ್ಲ. ಆದರೂ ಬರೆಸುತ್ತೇವೆ. ಯಾಕೆ ಅನ್ನುವುದೇ ಇವತ್ತಿನ ವಿಷಯ.

ಮೊದಲು ಪದವನ್ನು ನೋಡೋಣ. ‘ದೀನ’ ಅನ್ನುವುದು ಕನ್ನಡದಲ್ಲಿ ಯಾರೂ ಆಸೆಪಟ್ಟು ಕೇಳುವ ಪದ ಅಲ್ಲ. ದೀನ ಸ್ವರ, ದೀನ ಮುಖ ಅನ್ನುತ್ತೇವೆ. ಗತಿಯಿಲ್ಲದವರ ಚಿತ್ರ ಕಣ್ಣಿಗೆ ಬರುತ್ತದೆ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಪದದ ಪಾಡೂ ಅದೇ ಆಗಿತ್ತು. ‘ತಪೆಯಿನೋಸ್’ ಅಂದರೆ ತಗ್ಗಿನಲ್ಲಿರುವವನು, ಕೀಳು, ಆಳಿನ ಬುದ್ಧಿಯವನು. ಗ್ರೀಕರ ಸದ್ಗುಣಗಳ ಪಟ್ಟಿಯಲ್ಲಿ ಧೈರ್ಯ, ನ್ಯಾಯ, ಮಿತ ಎಲ್ಲ ಇದ್ದವು, ಇದು ಇರಲಿಲ್ಲ. ಅಂಥ ಬೈಗುಳದ ಪದವನ್ನು ಎತ್ತಿಕೊಂಡು ಮೊದಲ ಕ್ರೈಸ್ತರು ಇದೇ ಗುಣ ಅಂದರು. ಲ್ಯಾಟಿನ್‌ನಲ್ಲಿ ಇದಕ್ಕಿರುವ ‘ಹ್ಯುಮಿಲಿತಾಸ್’ ಪದದ ಬೇರು ‘ಹ್ಯೂಮಸ್’, ಅಂದರೆ ಮಣ್ಣು. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ದೀನತೆ ಅಂದರೆ ನಮ್ಮನ್ನು ನಾವು ಕಡಿಮೆ ಮಾಡಿಕೊಳ್ಳುವುದೇ? ಇಲ್ಲೇ ತುಂಬಾ ಜನ ಎಡವುವುದು. ಬೆಳಿಗ್ಗೆ ಆರು ಗಂಟೆಗೆ ಡೈರಿ ಮುಂದೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲುವವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಹಸುವಿನ ಹಾಲಿಗೆ ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5 ಇರಬೇಕು ಅನ್ನುವ ಲೆಕ್ಕ ನಿಮಗೆ ಬಾಯಿಪಾಠ. 3.5 ಇರುವ ಹಾಲಿಗೆ ಚೀಟಿಯಲ್ಲಿ 4.5 ಬರೆಸಿಕೊಂಡರೆ ಅದು ಹೆಮ್ಮೆ. ಒಳ್ಳೆಯ ಹಾಲಿಗೆ ನಾವೇ ಒಂದು ಚೊಂಬು ನೀರು ಸುರಿದು, ‘ನಮ್ಮ ಹಾಲು ಅಷ್ಟಕ್ಕಷ್ಟೇ ಬಿಡಿ’ ಅಂದರೆ ಅದು ದೀನತೆ ಆಗುವುದಿಲ್ಲ. ಅದೂ ಕಲಬೆರಕೆಯೇ, ಲ್ಯಾಕ್ಟೋಮೀಟರ್ ಬಿಟ್ಟರೆ ಮುಳುಗುತ್ತದೆ. ರೋಮಾಪುರದವರಿಗೆ ಬರೆಯುವಾಗ ಅಪೊಸ್ತಲ ಪೌಲ ಹನ್ನೆರಡನೇ ಅಧ್ಯಾಯದಲ್ಲಿ ಇದನ್ನೇ ಹೇಳುತ್ತಾನೆ: ನಿಮ್ಮ ಯೋಗ್ಯತೆಗೆ ಮೀರಿ ಭಾವಿಸಿಕೊಳ್ಳಬೇಡಿ, ಕೊಟ್ಟಿರುವ ಅಳತೆಗೆ ತಕ್ಕಂತೆ ಸ್ವಸ್ಥ ಬುದ್ಧಿಯಿಂದ ಎಣಿಸಿಕೊಳ್ಳಿ. ಹದಿನಾರನೇ ಶತಮಾನದ ಸಂನ್ಯಾಸಿನಿ, ಆವಿಲದ ತೆರೇಸಾ ಇದನ್ನು ಇನ್ನೂ ಚಿಕ್ಕದು ಮಾಡಿದರು. ದೀನತೆ ಅಂದರೆ ಸತ್ಯದಲ್ಲಿ ನಡೆಯುವುದು ಅಂದುಬಿಟ್ಟರು.

ಚೆನ್ನಾಗಿ ಹಾಡುವವರನ್ನು ಕ್ವೈರಿಗೆ ಕರೆದರೆ ‘ಅಯ್ಯೋ, ನನಗೆಲ್ಲಿ ಹಾಡೋಕೆ ಬರುತ್ತೆ’ ಅನ್ನುತ್ತಾರೆ. ಮೂರು ಸಲ ಕರೆಸಿಕೊಂಡು ಆಮೇಲೆ ಹಾಡುತ್ತಾರೆ. ಮೊದಲ ಸಲ ಕರೆದಾಗಲೇ ಎದ್ದು ಹಾಡಿ. ಚೆನ್ನಾಗಿತ್ತು ಅಂದರೆ ‘ಥ್ಯಾಂಕ್ಸ್’ ಅಂದು ಬಾಯಿ ಮುಚ್ಚಿ. ಅದಕ್ಕಿಂತ ಜಾಸ್ತಿ ದೀನತೆ ಅಲ್ಲಿ ಬೇಕಾಗಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ತಪ್ಪು ಜನರ ತಲೆಯ ಮೇಲೆ ಬೀಳುತ್ತದೆ. ದೀನತೆಯನ್ನು ಪೌಲ ಎತ್ತಿ ಹಾಡಿದ್ದು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ. ದೇವಸ್ವರೂಪದಲ್ಲಿದ್ದ ಕ್ರಿಸ್ತ ಅದನ್ನು ಬಿಗಿಹಿಡಿಯದೆ, ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದ ಅನ್ನುವ ಭಾಗ ಅದು. ಕ್ರಿ.ಪೂ. 42ರ ಯುದ್ಧದ ನಂತರ ಫಿಲಿಪ್ಪಿ ರೋಮನ್ ವಸಾಹತಾಯಿತು. ಮಾಜಿ ಸೈನಿಕರಿಗೆ ಅಲ್ಲಿ ಜಮೀನು ಕೊಟ್ಟಿದ್ದರು. ನಾನು ರೋಮಿನ ಪ್ರಜೆ ಅನ್ನುವ ಗತ್ತು ಗಾಳಿಯಲ್ಲೇ ಇದ್ದ ಊರು. ಅಂಥವರಿಗೆ ಬರೆದ ಮಾತು ಇದು. ಇಳಿಸಲು ಕೈಯಲ್ಲಿ ಏನಾದರೂ ಇರುವವನಿಗೆ ಮಾತ್ರ ‘ಇಳಿಸು’ ಅನ್ನಬಹುದು.

ಅದೇ ಊರಿನಲ್ಲಿ ಪೌಲ ಮಾಡಿದ ಇನ್ನೊಂದು ಕೆಲಸವನ್ನು ನಾವು ಅಷ್ಟಾಗಿ ನೆನೆಸಿಕೊಳ್ಳುವುದಿಲ್ಲ. ಅಪೊಸ್ತಲರ ಕೃತ್ಯಗಳ ಹದಿನಾರನೇ ಅಧ್ಯಾಯ. ಪೌಲನನ್ನು ವಿಚಾರಣೆಯಿಲ್ಲದೆ ಹೊಡೆಸಿ ಸೆರೆಮನೆಗೆ ಹಾಕಿದರು. ಬೆಳಗಾದ ಮೇಲೆ ಅಧಿಕಾರಿಗಳು, ಸದ್ದಿಲ್ಲದೆ ಹೊರಟುಹೋಗಲಿ ಅಂತ ಹೇಳಿ ಕಳಿಸಿದರು. ಪೌಲ ಹೋಗಲಿಲ್ಲ. ಎಲ್ಲರೆದುರು ಹೊಡೆಸಿ ಈಗ ಗುಟ್ಟಾಗಿ ಕಳಿಸುವುದೇ, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಅವರು ಬರಲೇಬೇಕಾಯಿತು. ಮಹಾಯಾಜಕನ ಮುಂದೆ ಕೆನ್ನೆಗೆ ಹೊಡೆಸಿಕೊಂಡಾಗ ಯೇಸು ಕೂಡ ಸುಮ್ಮನಿರಲಿಲ್ಲ. ತಪ್ಪು ಮಾತಾಡಿದ್ದರೆ ಸಾಕ್ಷಿ ಹೇಳು, ಸರಿ ಮಾತಾಡಿದ್ದರೆ ಯಾಕೆ ಹೊಡೆದೆ ಎಂದು ಕೇಳಿದರು.

ಹಾಗಾಗಿ ಗಂಡನ ಕೈಯಲ್ಲಿ ಹೊಡೆಸಿಕೊಳ್ಳುವ ಹೆಂಗಸಿಗೆ ‘ಸ್ವಲ್ಪ ತಗ್ಗಿ ಬಗ್ಗಿ ನಡಿಯಮ್ಮ, ದೀನತೆ ಕಲಿ’ ಅನ್ನುವ ಹಕ್ಕು ಯಾವ ಹಿರಿಯರಿಗೂ ಇಲ್ಲ. ಅವಳಿಗೆ ಮಹಿಳಾ ಸಹಾಯವಾಣಿಯ 181 ನಂಬರು ಕೊಡಿ, ಜೊತೆಗೆ ಹೋಗಿ. ತಲೆತಲಾಂತರದಿಂದ ಊರ ಹೊರಗೆ ಇಟ್ಟಿದ್ದವರ ಮೊಮ್ಮಕ್ಕಳು ನಮ್ಮ ಸಭೆಗಳಲ್ಲಿ ಎಷ್ಟೋ ಕಡೆ ಮುಂದಿನ ಸಾಲಿನಲ್ಲಿ ಬಂದು ಕೂರಲು ಈಗಲೂ ಹಿಂಜರಿಯುತ್ತಾರೆ. ಅವರು ಮುಂದೆ ಬಂದು ಕೂತರೆ ಅದು ಹೆಮ್ಮೆಯಲ್ಲ, ಅಳತೆ ಸರಿ ಹೋದ ಹಾಗೆ. ದೀನತೆಯನ್ನು ನನ್ನಿಂದ ನಾನು ಕೇಳಬಹುದು. ಇನ್ನೊಬ್ಬರಿಂದ ಕೇಳಿದ ಕ್ಷಣ ಅದು ದಬ್ಬಾಳಿಕೆ.

ಈಗ ದಿನದ ಕೆಲಸಕ್ಕೆ ಬರೋಣ. ಮೊದಲನೆಯದು ಬಾಯಿಂದಲೇ ಶುರುವಾಗುತ್ತದೆ: ಯಾರನ್ನು ‘ನೀನು’ ಅನ್ನುತ್ತೀರಿ, ಯಾರನ್ನು ‘ನೀವು’ ಅನ್ನುತ್ತೀರಿ? ಮನೆಯಲ್ಲಿ ತೆಲುಗು ಆಡುವವರಿಗೆ ‘ನುವ್ವು, ಮೀರು’, ಕೆ.ಜಿ.ಎಫ್. ಕಡೆಯ ತಮಿಳಿನವರಿಗೆ ‘ನೀ, ನೀಂಗ’. ಮೂರು ಭಾಷೆಯಲ್ಲೂ ತಕ್ಕಡಿ ಒಂದೇ. ಬ್ಯಾಂಕ್ ಮ್ಯಾನೇಜರ್ ಮೂವತ್ತು ವರ್ಷದ ಹುಡುಗ, ಅವರಿಗೆ ‘ಬನ್ನಿ ಸಾರ್’. ಚರ್ಚ್ ಗುಡಿಸುವ ತಾಯಿಗೆ ಅರವತ್ತೈದು, ಅವರಿಗೆ ‘ಬಾ ಇಲ್ಲಿ’. ಆಟೋದವರು, ಪೌರಕಾರ್ಮಿಕರು, ಟೊಮೇಟೊ ಬಾಕ್ಸ್ ಹೊರುವ ಹಮಾಲರು, ಇವರನ್ನು ನಮ್ಮ ಮನೆಯ ಹತ್ತು ವರ್ಷದ ಮಗುವೂ ಏಕವಚನದಲ್ಲೇ ಕರೆಯುತ್ತದೆ. ಮಗುವಿಗೆ ಯಾರೂ ಪಾಠ ಮಾಡಿಲ್ಲ, ಕೇಳಿ ಕಲಿತಿದೆ.

ಮಾಡಬೇಕಾದ್ದು ಇಷ್ಟು. ಒಂದು ವಾರದಲ್ಲಿ ನೀವು ಏಕವಚನದಲ್ಲಿ ಮಾತಾಡಿಸುವವರನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮಕ್ಕಳನ್ನು, ಸಲಿಗೆಯ ಸ್ನೇಹಿತರನ್ನು ಹೊಡೆದುಹಾಕಿ. ಉಳಿದ ಹೆಸರುಗಳಲ್ಲಿ ನಿಮಗಿಂತ ದೊಡ್ಡವರು ಎಷ್ಟು ಜನ ನೋಡಿ. ಅವರಿಗೆ ನಾಳೆಯಿಂದ ಬಹುವಚನ. ಒಂದು ಎಚ್ಚರ: ಇಪ್ಪತ್ತು ವರ್ಷ ‘ಏ’ ಅಂದವರು ದಿಢೀರನೆ ‘ತಾವು ದಯವಿಟ್ಟು’ ಅಂದರೆ ಆ ತಾಯಿಗೆ ಗಾಬರಿಯಾಗುತ್ತದೆ, ಕೆಲಸದಿಂದ ತೆಗೆಯುತ್ತಾರೇನೋ ಅಂದುಕೊಳ್ಳುತ್ತಾರೆ. ‘ಅಕ್ಕಾ’, ‘ಅಣ್ಣಾ’, ‘ತಾತಾ’ ಅನ್ನುವುದನ್ನು ಮೊದಲು ಸೇರಿಸಿ. ‘ಬನ್ನಿ’, ‘ಕೂತ್ಕೊಳ್ಳಿ’ ತಾನಾಗಿ ಹಿಂದೆಯೇ ಬರುತ್ತದೆ. ಯಾರಿಗೂ ಡಂಗುರ ಹೊಡೆಯಬೇಡಿ.

ದಾರಿ ತಪ್ಪಿ ಒಂದು ಮಾತು. ನಮ್ಮ ಸಭೆಗಳ ಕನ್ನಡ ಪ್ರಾರ್ಥನೆಯಲ್ಲಿ ನಾವು ದೇವರನ್ನು ಏಕವಚನದಲ್ಲೇ ಕರೆಯುತ್ತೇವೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ, ನಿನ್ನ ನಾಮವು’ ಅನ್ನುತ್ತೇವೆ, ‘ನಿಮ್ಮ ನಾಮವು’ ಅನ್ನುವುದಿಲ್ಲ. ಒಂದೇ ‘ನೀನು’ ಒಂದು ಬಾಯಲ್ಲಿ ಮಗುವಿನ ಸಲಿಗೆ, ಅದೇ ಬಾಯಲ್ಲಿ ಇನ್ನೊಂದು ಹೊತ್ತಿನಲ್ಲಿ ಯಜಮಾನನ ದರ್ಪ. ವ್ಯಾಕರಣವನ್ನು ದೂರಿ ಪ್ರಯೋಜನವಿಲ್ಲ.

ವ್ಯಾಕರಣ ಅಂದಾಗ ಸಾಕ್ಷಿ ಹೇಳುವವರ, ಅಂದರೆ ದೇವರು ತಮಗೆ ಮಾಡಿದ್ದನ್ನು ಸಭೆಯ ಮುಂದೆ ಹೇಳಿಕೊಳ್ಳುವವರ ನೆನಪು ಬರುತ್ತದೆ. ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ‘ನಾನು’ ಅನ್ನುವುದನ್ನು ಬಹಳ ಜಾಗ್ರತೆಯಿಂದ ಬಿಡುತ್ತಾರೆ. ಆದರೆ ಕನ್ನಡದ ಕ್ರಿಯಾಪದ ಬಿಡಬೇಕಲ್ಲ. ಹೋದೆ, ಕೊಟ್ಟೆ, ಪ್ರಾರ್ಥಿಸಿದೆ, ಉಪವಾಸ ಮಾಡಿದೆ. ಕೊನೆಯ ಆ ‘ಎ’ಕಾರದಲ್ಲಿ ನಾನು ಕಾಲು ಚಾಚಿ ಕೂತಿರುತ್ತದೆ. ಯೇಸು ಹೇಳಿದ ಕಥೆಯಲ್ಲಿ, ಧರ್ಮದ ನೇಮಗಳನ್ನು ಕಟ್ಟುನಿಟ್ಟಾಗಿ ನಡೆಸುವ ಫರಿಸಾಯನ ಪ್ರಾರ್ಥನೆಯೂ ಹೀಗೇ ಇತ್ತು: ವಾರಕ್ಕೆ ಎರಡು ಉಪವಾಸ, ಎಲ್ಲದರಲ್ಲೂ ಹತ್ತರಲ್ಲೊಂದು ಪಾಲು. ಲೆಕ್ಕ ಸುಳ್ಳಲ್ಲ, ಪೂರ್ತಿ ನಿಜ. ಪಕ್ಕದಲ್ಲಿ ನಿಂತ ಸುಂಕದವನನ್ನು ಅಳತೆಗೋಲು ಮಾಡಿಕೊಂಡದ್ದು ತಪ್ಪಾಯಿತು. ಸಾಕ್ಷಿ ಹೇಳುವ ಮೊದಲು ಇಷ್ಟು ನೋಡಿಕೊಳ್ಳಿ: ಈ ಕಥೆಯಲ್ಲಿ ನನಗೆ ಸಹಾಯ ಮಾಡಿದ ಒಬ್ಬರ ಹೆಸರಾದರೂ ಇದೆಯೇ? ನನಗಿಂತ ಕೆಟ್ಟವರು ಅಂತ ತೋರಿಸಲು ಯಾರನ್ನಾದರೂ ಎಳೆದು ತಂದಿದ್ದೇನೆಯೇ? ಮೂರು ನಿಮಿಷದಲ್ಲಿ ಮುಗಿಯುತ್ತದೆಯೇ?

ಇನ್ನು ಕೊಡುವ ವಿಷಯ. ಸುಗ್ಗಿ ಹಬ್ಬದ ಹರಾಜು ನಿಮಗೆಲ್ಲ ಗೊತ್ತು. ಕುಂಬಳಕಾಯಿ, ನಾಟಿ ಕೋಳಿ, ಬಾಳೆಗೊನೆ, ಒಂದು ಸೇರು ರಾಗಿ. ಮೈಕ್ ಹಿಡಿದವರು ‘ಐನೂರು ಒಂದು ಸಾರಿ’ ಅನ್ನುತ್ತಿದ್ದ ಹಾಗೆ ಈ ಮೂಲೆಯಿಂದ ಆರುನೂರು, ಆ ಮೂಲೆಯಿಂದ ಸಾವಿರ. ಎರಡು ಮನೆಗಳ ನಡುವೆ ಜಿದ್ದು ಹತ್ತಿದರೆ ಒಂದು ತೆಂಗಿನಕಾಯಿ ಮೂರು ಸಾವಿರಕ್ಕೆ ಹೋಗುತ್ತದೆ. ಚಪ್ಪಾಳೆ. ಸಭೆಗೆ ಹಣ ಬಂತಲ್ಲ, ಏನು ತಪ್ಪು ಅನ್ನಬಹುದು. ಏನು ತಪ್ಪಾಗುತ್ತದೆ ಅನ್ನುವುದನ್ನು ಟ್ರೆಷರರ್‌ಗಳನ್ನು ಕೇಳಿ. ಜಿದ್ದಿನಲ್ಲಿ ಕೂಗಿದ ಹಣ ಮುಂದಿನ ಸುಗ್ಗಿ ಬಂದರೂ ಬಾಕಿ ಕಾಲಂನಲ್ಲೇ ಇರುತ್ತದೆ. ಇನ್ನೊಂದು ತಪ್ಪು ಲೆಕ್ಕದಲ್ಲಿ ಕಾಣುವುದಿಲ್ಲ. ಆರು ಮೊಟ್ಟೆ ಸೆರಗಿನಲ್ಲಿ ಕಟ್ಟಿಕೊಂಡು ತಂದಿಟ್ಟ ಅಜ್ಜಿ ಯಾರೆಂದು ಯಾರೂ ಕೂಗಲಿಲ್ಲ, ಆ ಮೊಟ್ಟೆಯನ್ನು ಸಾವಿರಕ್ಕೆ ಹಿಡಿದವರ ಹೆಸರನ್ನು ನಾಲ್ಕು ಸಾರಿ ಕೂಗಿದರು. ಬೊಕ್ಕಸದ ಎದುರು ಕೂತು ಯೇಸು ನೋಡಿದ್ದು ಇದನ್ನೇ: ಬಹಳ ಹಾಕಿದವರು ಬಹಳ ಜನ, ಎರಡು ಕಾಸು ಹಾಕಿದ ವಿಧವೆ ಒಬ್ಬಳು.

ಹರಾಜು ನಿಲ್ಲಿಸಿ ಅನ್ನುವುದಿಲ್ಲ, ಅದರಲ್ಲಿ ಒಂದು ಸಂಭ್ರಮ ಇದೆ. ಹಿಡಿಯುವವರು ಮನೆಯಿಂದ ಹೊರಡುವ ಮೊದಲೇ ‘ಇಷ್ಟರ ತನಕ’ ಅಂತ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಕೊಡುವ ಮನಸ್ಸಾದರೆ ಆ ಹೆಚ್ಚಿನದನ್ನು ಮರುದಿನ ಹೆಸರಿಲ್ಲದ ಕವರಿನಲ್ಲಿ ಹಾಕಿ. ಮರುದಿನ ಮನಸ್ಸು ಬರದಿದ್ದರೆ, ನಿನ್ನೆ ಕೊಡುತ್ತಿದ್ದದ್ದು ಯಾರಿಗೆ ಅನ್ನುವುದು ನಿಮಗೇ ಗೊತ್ತಾಗುತ್ತದೆ. ಕೂಗುವವರು ತಂದವರ ಹೆಸರನ್ನೂ ಹಿಡಿದವರ ಹೆಸರನ್ನೂ ಒಂದೇ ದನಿಯಲ್ಲಿ ಕೂಗಲಿ, ಇಲ್ಲವೇ ಇಬ್ಬರದನ್ನೂ ಬಿಡಲಿ.

ಗುಟ್ಟಾಗಿ ಕೊಡುವುದು ಅಂದರೆ ರಸೀದಿ ಬೇಡ ಅಂತ ಅರ್ಥವಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಯೇಸು ಅಂದದ್ದನ್ನು ಹಿಡಿದುಕೊಂಡು ಆಡಿಟರ್‌ಗೂ ತಿಳಿಸದೆ ಇರುವ ಸಭೆಗಳಿವೆ. ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗ ಯಾರೂ ಬೆರಳು ತೋರಿಸಬಾರದೆಂದು ಪೌಲ ಜೊತೆಗೆ ಬೇರೆಯವರನ್ನೂ ಕಳಿಸಿದ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯದಲ್ಲಿದೆ. ಹೆಸರು ಲೆಕ್ಕದ ಪುಸ್ತಕದಲ್ಲಿರಲಿ, ಫ್ಯಾನಿನ ಮೇಲೆ ಬೇಡ.

ಊಟದ ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡೇ ಜಾಗದಲ್ಲಿ ಕೂರು ಅನ್ನುವ ಮಾತು ಲೂಕನ ಹದಿನಾಲ್ಕರಲ್ಲಿದೆ, ಎಲ್ಲರಿಗೂ ಗೊತ್ತು. ಕಡೇ ಜಾಗದಲ್ಲಿ ಕೂತು ‘ಯಾವಾಗ ಮೇಲಕ್ಕೆ ಕರೆಯುತ್ತಾರೆ’ ಅಂತ ಕತ್ತು ಉದ್ದ ಮಾಡುವವರೂ ಗೊತ್ತು. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ತಿಂದು ಮುಗಿಸುತ್ತಿದ್ದರು, ಕೂಲಿ ಮುಗಿಸಿ ಬಂದವರಿಗೆ ಪಾತ್ರೆ ಖಾಲಿ. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಬಿಟ್ಟು ಬಡಿಸಲು ನಿಂತುಕೊಳ್ಳಿ. ಸಾರಿನ ಬಕೆಟ್ ಹಿಡಿದವರಿಗೆ ಯಾರ ಎಲೆ ಖಾಲಿ ಇದೆ ಅನ್ನುವುದು ಕಾಣುತ್ತದೆ. ಅಷ್ಟು ಸಾಕು.

ಕ್ಷಮೆ ಕೇಳುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡೋಣ, ದೀನತೆ ನಿಜವೋ ಸುಳ್ಳೋ ಅನ್ನುವುದು ಇಲ್ಲಿ ಬಯಲಾಗುತ್ತದೆ. ಸೌಲ, ದಾವೀದ, ಇಬ್ಬರೂ ಇಸ್ರಾಯೇಲಿನ ರಾಜರು. ಇಬ್ಬರಿಗೂ ಪ್ರವಾದಿ ಬಂದು ಮುಖಕ್ಕೆ ಹೇಳಿದರು. ಇಬ್ಬರೂ ‘ಪಾಪ ಮಾಡಿದ್ದೇನೆ’ ಅಂದರು. ಸೌಲ ಅದಕ್ಕೆ ಎರಡು ಬಾಲ ಸೇರಿಸಿದ: ಜನರಿಗೆ ಹೆದರಿ ಹಾಗೆ ಮಾಡಿದೆ, ಆದರೂ ಈಗ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು. ದಾವೀದನ ಉತ್ತರ ಹೀಬ್ರೂನಲ್ಲಿ ಎರಡೇ ಪದ. ಕರ್ತನಿಗೆ ವಿರೋಧವಾಗಿ ಪಾಪ ಮಾಡಿದ್ದೇನೆ, ಅಷ್ಟೇ. ದಾವೀದನ ತಪ್ಪು ಚಿಕ್ಕದೇನೂ ಆಗಿರಲಿಲ್ಲ, ಒಂದು ಕೊಲೆಯೂ ಅದರಲ್ಲಿತ್ತು. ಆದರೆ ಬಾಲ ಇರಲಿಲ್ಲ.

ನಮ್ಮ ಕಡೆಯ ಬಾಲಗಳು ಯಾವುವು? ‘ನಿಮಗೆ ಬೇಜಾರಾಗಿದ್ದರೆ ಸಾರಿ’ ಅನ್ನುವಾಗ ಬೇಜಾರು ಅವರ ತಪ್ಪಾಯಿತು. ‘ನಾನೇನೂ ಬೇಕು ಅಂತ ಮಾಡಿಲ್ಲ, ಆದರೂ ಸಾರಿ.’ ‘ಆಯ್ತು ಬಿಡಿ, ನಂದೇ ತಪ್ಪು, ಎಲ್ಲಾ ನಂದೇ ತಪ್ಪು’ ಅಂದವರನ್ನು ಈಗ ನೊಂದವರೇ ಸಮಾಧಾನ ಮಾಡಬೇಕು. ಇನ್ನು ವಾಟ್ಸ್ಆ್ಯಪ್‌ನಲ್ಲಿ ಕೈ ಜೋಡಿಸಿದ ಚಿತ್ರ ಕಳಿಸುವುದು; ಅದನ್ನು ಶುಭೋದಯಕ್ಕೂ ಕಳಿಸುತ್ತೇವೆ.

ಸರಿಯಾದ ಕ್ಷಮೆಗೆ ಬೇಕಾದ್ದು ಇಷ್ಟೇ. ಮಾಡಿದ್ದನ್ನು ಹೆಸರಿಟ್ಟು ಹೇಳಬೇಕು: ‘ಮೊನ್ನೆ ಕಮಿಟಿಯಲ್ಲಿ ನೀವು ಲೆಕ್ಕ ಮುಚ್ಚಿಟ್ಟಿದ್ದೀರಿ ಅಂದೆ, ಅದು ಸುಳ್ಳು.’ ‘ಆದರೆ’ ಅನ್ನುವ ಪದ ಬರಕೂಡದು. ಸರಿಪಡಿಸಲು ಏನು ಮಾಡುತ್ತೀರಿ ಅನ್ನುವುದನ್ನು ಹೇಳಿ, ಆ ವಾರವೇ ಮಾಡಬೇಕು. ಕ್ಷಮಿಸಿದ್ದೇನೆ ಅಂತ ಅವರ ಬಾಯಿಂದ ಅಲ್ಲೇ ಹೇಳಿಸಿಕೊಳ್ಳಲು ಕಾಯಬಾರದು. ಅವರಿಗೆ ಹೊತ್ತು ಬೇಕು. ಜಾಗವೂ ಮುಖ್ಯ. ಹತ್ತು ಜನರೆದುರು ಅಂದದ್ದಕ್ಕೆ ಹತ್ತು ಜನರೆದುರೇ ಕ್ಷಮೆ, ಅಡುಗೆಮನೆಯಲ್ಲಿ ಅಂದದ್ದಕ್ಕೆ ಅಡುಗೆಮನೆಯಲ್ಲಿ. ನಾವು ಮಾಡುವುದು ಉಲ್ಟಾ: ಬೈಯುವುದು ಬೀದಿಯಲ್ಲಿ, ಕ್ಷಮೆ ಕೇಳುವುದು ಫೋನಿನಲ್ಲಿ. ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಯೇಸು ಅಂದ ಮೇಲೆ, ಕರ್ತನ ಭೋಜನದ ಭಾನುವಾರಕ್ಕೆ ಮುಂಚಿನ ಶನಿವಾರ ಸಂಜೆ ಇದಕ್ಕೆ ಒಳ್ಳೆಯ ಹೊತ್ತು. ಅಪ್ಪ ಅಮ್ಮಂದಿರು ಮಕ್ಕಳಲ್ಲಿ ಕ್ಷಮೆ ಕೇಳಿದರೆ ಮಕ್ಕಳು ತಲೆ ಮೇಲೆ ಕೂರುತ್ತಾರೆ ಅನ್ನುವ ಭಯ ಇದೆ. ಹಾಗೆ ಆಗುವುದಿಲ್ಲ. ತಪ್ಪಾದಾಗ ಏನು ಮಾಡಬೇಕು ಅನ್ನುವುದನ್ನು ಮಕ್ಕಳು ನೋಡಿ ಕಲಿಯುವುದು ಆಗಲೇ.

ಕೊಡುವುದಕ್ಕಿಂತ ತೆಗೆದುಕೊಳ್ಳುವುದು ಕಷ್ಟ. ಯೇಸು ಟವೆಲ್ ಕಟ್ಟಿಕೊಂಡು ಕೂತಾಗ ಪೇತ್ರ ಕಾಲು ಎಳೆದುಕೊಂಡ. ನೋಡಲು ಅದು ದೀನತೆಯ ಹಾಗೇ ಇತ್ತು. ಆದರೆ ಕಾಲು ತೊಳೆಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂದುಬಿಟ್ಟರು. ಮುಂದೆ ಅದೇ ಪೇತ್ರನ ಹೆಸರಿನ ಪತ್ರದಲ್ಲಿ ‘ದೀನಮನಸ್ಸನ್ನು ಕಟ್ಟಿಕೊಳ್ಳಿ’ ಅನ್ನುವ ಮಾತು ಬರುತ್ತದೆ. ಅಲ್ಲಿರುವ ಗ್ರೀಕ್ ಪದ ಆಳುಗಳು ಕೆಲಸಕ್ಕೆ ಮುಂಚೆ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದ ಬಟ್ಟೆಗೆ ಸಂಬಂಧಿಸಿದ್ದು. ಪವಿತ್ರ ಗುರುವಾರ ಕಾಲು ತೊಳೆಸಿಕೊಳ್ಳಲು ಹೆಸರು ಕೊಟ್ಟವರು ಬೆಳಿಗ್ಗೆಯೇ ಸೋಪು ಹಾಕಿ ಉಜ್ಜಿ, ಉಗುರು ಕತ್ತರಿಸಿ ಬರುತ್ತಾರೆ. ನಗಬೇಡಿ, ನಾವೆಲ್ಲ ಹಾಗೆಯೇ. ಕೊಳೆ ಇರುವ ಕಾಲನ್ನು ಯಾರ ಕೈಗೂ ಕೊಡುವವರಲ್ಲ.

ಟೀಕೆಯನ್ನು ತೆಗೆದುಕೊಳ್ಳುವುದೂ ಇದೇ ಜಾತಿಯದು. ಯಾರಾದರೂ ತಪ್ಪು ತೋರಿಸಿದರೆ ಮಾತು ಮುಗಿಯುವ ತನಕ ಕೇಳಿ. ‘ನೀವು ಹೇಳುತ್ತಿರುವುದು ಇದು ತಾನೇ’ ಎಂದು ಅವರ ಮಾತನ್ನೇ ತಿರುಗಿ ಹೇಳಿ. ಉತ್ತರವನ್ನು ಒಂದು ರಾತ್ರಿ ತಡೆಹಿಡಿಯಿರಿ. ಹತ್ತರಲ್ಲಿ ಒಂಬತ್ತು ಸುಳ್ಳಾಗಿದ್ದರೂ ನಿಜವಾಗಿರುವ ಆ ಒಂದಕ್ಕೆ ಮೊದಲು ಉತ್ತರ ಕೊಡಿ. ನಾವು ಸುಳ್ಳಾದ ಒಂಬತ್ತಕ್ಕೆ ಮೊದಲು ಉತ್ತರ ಕೊಡುತ್ತೇವೆ, ಒಂದು ಅಲ್ಲೇ ಮಣ್ಣಾಗುತ್ತದೆ.

ಇದನ್ನೆಲ್ಲ ಒಂದೇ ಸಲ ಹಿಡಿದರೆ ಮೂರನೇ ದಿನಕ್ಕೆ ಬಿಟ್ಟುಹೋಗುತ್ತದೆ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ 46 ದಿನ, ಭಾನುವಾರಗಳನ್ನು ಬಿಟ್ಟರೆ 40. ವಾರಕ್ಕೆ ಒಂದನ್ನು ಹಿಡಿದರೂ ಆರು ಅಭ್ಯಾಸ ಆಗುತ್ತವೆ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ. ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೊಲಾ ಹೇಳಿಕೊಟ್ಟ ಆತ್ಮಪರೀಕ್ಷೆಯ ಕ್ರಮ ಪ್ರಾಟೆಸ್ಟೆಂಟರಿಗೂ ಹೊಂದುತ್ತದೆ: ಮೊದಲು ಇವತ್ತು ಸಿಕ್ಕಿದ್ದಕ್ಕೆ ಕೃತಜ್ಞತೆ, ಆಮೇಲೆ ಬೆಳಕು ಕೊಡು ಅಂತ ಪ್ರಾರ್ಥನೆ, ಆಮೇಲೆ ಬೆಳಗಿನಿಂದ ನಡೆದದ್ದನ್ನು ಒಂದೊಂದು ಗಂಟೆಯಾಗಿ ನೋಡುವುದು, ತಪ್ಪಿಗೆ ಕ್ಷಮೆ, ನಾಳೆಗೆ ಒಂದು ತೀರ್ಮಾನ. ಕೃತಜ್ಞತೆಯನ್ನು ಬಿಟ್ಟು ತಪ್ಪಿನಿಂದಲೇ ಶುರು ಮಾಡಿದರೆ ಅದು ತನ್ನನ್ನು ತಾನು ಬೈದುಕೊಳ್ಳುವ ಕೂಟ ಆಗುತ್ತದೆ. ಬೈದುಕೊಳ್ಳುವಾಗಲೂ ನಡುವೆ ಕೂತಿರುವುದು ನಾನೇ. ‘ಈ ವಾರ ಚೆನ್ನಾಗಿ ತಗ್ಗಿದ್ದೇನೆ’ ಅನ್ನುವ ಖುಷಿ ಒಂದು ದಿನ ಬಂದೇ ಬರುತ್ತದೆ. ಹೆದರಬೇಡಿ, ಅದನ್ನೂ ಆ ರಾತ್ರಿಯ ಲೆಕ್ಕಕ್ಕೆ ಸೇರಿಸಿ. ದೀನತೆಯ ಮೆಟ್ಟಿಲುಗಳ ಬಗ್ಗೆ ಬರೆಯಲು ಕೂತ ಕ್ಲೇರ್ವೋದ ಬರ್ನಾರ್ಡ್, ಹನ್ನೆರಡನೇ ಶತಮಾನದ ಸಂನ್ಯಾಸಿ, ಹೆಮ್ಮೆಯ ಹನ್ನೆರಡು ಮೆಟ್ಟಿಲುಗಳನ್ನೇ ವಿವರವಾಗಿ ಬರೆದು ಮುಗಿಸಿದರು. ನನಗೆ ಚೆನ್ನಾಗಿ ಗೊತ್ತಿರುವುದನ್ನು ತಾನೇ ಕಲಿಸಲಾಗುವುದು ಅಂತ ಕೊನೆಗೆ ಒಪ್ಪಿಕೊಂಡರು.

ಕಮಿಟಿಯಿಂದ ಈ ವರ್ಷ ಇಳಿಯುತ್ತಿರುವವರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ‘ಆತನು ವೃದ್ಧಿಯಾಗಬೇಕು, ನಾನು ಕಡಿಮೆಯಾಗಬೇಕು’ ಎಂದು ಸ್ನಾನಿಕನಾದ ಯೋಹಾನ ಹೇಳಿದ್ದು, ತನ್ನ ಹಿಂದೆ ಬರುತ್ತಿದ್ದ ಜನ ಯೇಸುವಿನ ಕಡೆ ಹೋಗುವುದನ್ನು ಕಣ್ಣಾರೆ ನೋಡುತ್ತಿದ್ದಾಗ. ಹೊಸಬರಿಗೆ ಕೊಡಬೇಕಾದ್ದು ಹಾರ ಅಲ್ಲ. ಮಿನಿಟ್ಸ್ ಪುಸ್ತಕ, ಕ್ಯಾಶ್ ಪುಸ್ತಕ, ಪಾಸ್‌ಬುಕ್, ಬಾಕಿ ಇರುವವರ ಪಟ್ಟಿ, ಎಲೆಕ್ಟ್ರಿಷಿಯನ್ ನಂಬರು, ಬೀರು ಬೀಗದ ಕೈ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ನೀವೇ ಜೊತೆಗೆ ಹೋಗಿ. ಆಮೇಲೆ ಆರು ತಿಂಗಳು, ಅವರು ಕೇಳದೆ ಯಾವ ಸಲಹೆಯನ್ನೂ ಕೊಡಬೇಡಿ. ಅವರು ತಪ್ಪು ಮಾಡುತ್ತಾರೆ. ನೀವೂ ಮಾಡಿದ್ದಿರಿ, ಆಗ ಹಳಬರು ಸುಮ್ಮನಿದ್ದರು, ಅಥವಾ ಇರಲಿಲ್ಲ. ಬೀಗದ ಕೈಗೆ ಮನೆಯಲ್ಲಿ ಡೂಪ್ಲಿಕೇಟ್ ಮಾಡಿಸಿಟ್ಟುಕೊಂಡಿದ್ದರೆ ಅದನ್ನೂ ಕೊಟ್ಟುಬಿಡಿ.